ನಾಲ್ಕು ಮೆತ್ತನೆಯ ಕೀಲಿಗಳು

ಸಿಡಿಲಣ್ಣನ ಕೈಯಲ್ಲಿ ಪ್ರಾಣ ಬಿಟ್ಟ ಕೀಬೋರ್ಡುಗಳ ಸಂಖ್ಯೆ ಹನ್ನೊಂದು. ರಣರಂಗದಲ್ಲಿ ಇಷ್ಟು ತಲೆ ಉರುಳಿಸಿದ್ದರೆ ಯಾವುದಾದರೂ ವೃತ್ತದಲ್ಲಿ ಅವನ ಪ್ರತಿಮೆ ನಿಂತಿರುತ್ತಿತ್ತು, ಕಾಗೆಗಳಿಗಾದರೂ ಪ್ರಯೋಜನವಾಗುತ್ತಿತ್ತು. ಆದರೆ ಅವನಿದ್ದದ್ದು ಕಚೇರಿಯಲ್ಲಿ. ಹನ್ನೆರಡನೆಯದನ್ನು ಕೇಳಲು ಹೋದ ದಿನ ಉಗ್ರಾಣದ ಗುಮಾಸ್ತ ತಂತಿ ಜಾಲರಿಯ ಆಚೆಯಿಂದ ಎರಡೂ ಕೈ ಮುಗಿದುಬಿಟ್ಟ.

“ಅಣ್ಣಾ, ನಿಮಗೆ ಕೀಬೋರ್ಡ್ ಕೊಡೋದೂ ಒಂದೇ, ಕಟುಕನಿಗೆ ಕುರಿ ಕೊಡೋದೂ ಒಂದೇ. ಇನ್ನು ನನ್ನ ಕೈಲಾಗಲ್ಲ.”

ಸಿಡಿಲಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಸಹೋದ್ಯೋಗಿಗಳ ಕಿವಿಗಳು ಕೊಟ್ಟ ಬಿರುದು. ದೂರು ವಿಚಾರಣೆಯ ಆ ಕಚೇರಿಗೆ ಟೈಪಿಸ್ಟನಾಗಿ ಸೇರಿದ ಮೊದಲ ಹದಿನೆಂಟು ವರ್ಷ ಆತ ಕಬ್ಬಿಣದ ಟೈಪ್‌ರೈಟರಿನ ಮುಂದೆ ಕುಳಿತಿದ್ದ. ಒಂದು ಆದೇಶಕ್ಕೆ ಆರು ಪ್ರತಿ, ನಡುವೆ ಐದು ಕಾರ್ಬನ್ ಹಾಳೆ. ಆರನೆಯದು ಓದಲು ಬರಬೇಕಾದರೆ ಒಂದೊಂದು ಅಕ್ಷರವನ್ನೂ ಮೊಳೆ ಹೊಡೆದ ಹಾಗೆ ಹೊಡೆಯಬೇಕು. ಅವನು ಹೊಡೆದ ಪೂರ್ಣವಿರಾಮ ಆರೂ ಹಾಳೆಗಳನ್ನು ತೂತು ಕೊರೆದು ಆಚೆ ಬರುತ್ತಿತ್ತು. ಬೆಳಕಿಗೆ ಹಿಡಿದರೆ ಆದೇಶವೊಂದು ನಕ್ಷತ್ರ ತುಂಬಿದ ಆಕಾಶದಂತೆ ಕಾಣುತ್ತಿತ್ತು. ಅರ್ಜಿದಾರರಿಗೆ ನ್ಯಾಯ ಸಿಗದಿದ್ದರೂ ಆ ನೋಟವಂತೂ ಸಿಗುತ್ತಿತ್ತು.

ಇನ್ನೊಂದು ವಿದ್ಯೆಯೂ ಅವನಲ್ಲಿತ್ತು. ಟೈಪ್ ಮಾಡುವಾಗ ಆತ ಬೆರಳು ನೋಡುತ್ತಿರಲಿಲ್ಲ, ಹೊಡೆದದ್ದನ್ನೂ ನೋಡುತ್ತಿರಲಿಲ್ಲ. ಕಣ್ಣು ಎಡಕ್ಕಿಟ್ಟ ಮೂಲ ಹಾಳೆಯ ಮೇಲೆ ನೆಟ್ಟಿರಬೇಕು. ತಪ್ಪು ಹಿಡಿಯುವ ಕೆಲಸ ಕಿವಿಯದು. ಪ್ರತಿ ಅಕ್ಷರಕ್ಕೂ ಒಂದು ಟಕ್. ಒಂದು ಅಕ್ಷರ ಬೀಳದಿದ್ದರೆ ಸಾಲಿನಲ್ಲಿ ಟಕ್ ಒಂದು ಕಡಿಮೆಯಾಗುತ್ತದೆ. ಬಾಯಲ್ಲಿ ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ತಾನಾಗಿ ಹೋಗುವಂತೆ ಅವನ ಕಿವಿ ಅಲ್ಲಿಗೆ ಹೋಗುತ್ತಿತ್ತು.

ಆಮೇಲೆ ಕಂಪ್ಯೂಟರು ಬಂತು, ಅದರೊಡನೆ ಚಪಾತಿಯಂತೆ ಚಪ್ಪಟೆಯಾದ ಕೀಬೋರ್ಡು ಬಂತು. ಒದ್ದೆ ಬಟ್ಟೆಯ ಮೇಲೆ ಬೆರಳಾಡಿಸಿದಂತಿತ್ತು ಅದು. ಟಕ್ ಇಲ್ಲ, ಟಿಕ್ ಇಲ್ಲ. ಇನ್ನೂ ಸ್ವಲ್ಪ ಗಟ್ಟಿಯಾಗಿ ಹೊಡೆದರೆ ಮಾತಾಡೀತು ಎಂದು ಆತ ಹೊಡೆದ. ಅದು ಮಾತಾಡಲಿಲ್ಲ, ಸತ್ತಿತು. ಹೀಗೆ ಹನ್ನೊಂದು. ಅದೇ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂರುವ ಟೈಪಿಸ್ಟಿಗೆ ಬೆಕ್ಕು ಎಂದು ಹೆಸರು. ಆತ ಟೈಪ್ ಮಾಡಿದರೆ ಪಕ್ಕದ ಕುರ್ಚಿಗೂ ಕೇಳದು. “ಏನಣ್ಣಾ, ಮಳೆ ಬರೋ ಹಾಗಿದೆ, ಬಟ್ಟೆ ಒಳಗೆ ಹಾಕ್ಲಾ?” ಎಂದು ಆತ ಹದಿನೈದು ವರ್ಷ ಒಂದೇ ಹಾಸ್ಯ ಮಾಡಿದ. ಹದಿನೈದು ವರ್ಷವೂ ಎಲ್ಲರೂ ನಕ್ಕರು.

ಆ ನಗು ನಿಂತದ್ದು ಒಂದು ಸುತ್ತೋಲೆ ಬಂದ ದಿನ. ಹೇಳಿದ್ದನ್ನು ಕೇಳಿ ತಾನೇ ಬರೆದುಕೊಳ್ಳುವ ಯಂತ್ರವೊಂದು ಬರಲಿದೆ. ಏಳು ಮಂದಿ ಟೈಪಿಸ್ಟರು ಇನ್ನು ಬೇಕಾಗಿಲ್ಲ. ಯಂತ್ರದ ತಪ್ಪು ತಿದ್ದಲು ಇಬ್ಬರು ಸಾಕು. ಮೂರು ತಿಂಗಳಲ್ಲಿ ಹತ್ತು ನಿಮಿಷದ ವೇಗ ಪರೀಕ್ಷೆ. ಅದರಲ್ಲಿ ಮೊದಲ ಇಬ್ಬರು ಮೇಲೆ ಉಳಿಯುತ್ತಾರೆ, ಉಳಿದ ಐವರು ನೆಲಮಾಳಿಗೆಯ ದಾಖಲೆ ಕೋಣೆಗೆ ಇಳಿಯುತ್ತಾರೆ. ಇಷ್ಟವಿದ್ದವರು ಸ್ವಂತ ಕೀಬೋರ್ಡ್ ತರಬಹುದು.

ಸಂಬಳ ಅಷ್ಟೇ, ಕುರ್ಚಿಯೂ ಅಷ್ಟೇ. ಆದರೆ ಸಿಡಿಲಣ್ಣ ಒಮ್ಮೆ ಕೆಳಗಿಳಿದು ನೋಡಿ ಬಂದಿದ್ದ. ಸಾಲು ಸಾಲು ಕಬ್ಬಿಣದ ಕಪಾಟು, ಒಂದೇ ಒಂದು ಟ್ಯೂಬ್‌ಲೈಟು, ಮೇಜಿನ ಮೇಲೆ ದಬ್ಬಳ, ದಾರದ ಉಂಡೆ, ಮೇಣದ ಗಟ್ಟಿ. ಹಳೆಯ ಕಡತಗಳ ಅಂಚಿಗೆ ತೂತು ಹಾಕಿ ಹೊಲಿಯುವುದು ಅಲ್ಲಿನ ಕೆಲಸ. ಗೋಡೆಯ ಗಡಿಯಾರಕ್ಕೆ ಒಂದೇ ಮುಳ್ಳು. “ಗಂಟೆ ಮುಳ್ಳು ಸಾಕು,” ಎಂದಿದ್ದ ಅಲ್ಲಿನ ಮುದುಕ, “ನಿಮಿಷ ತಗೊಂಡು ಇಲ್ಲಿ ಏನ್ ಮಾಡೋಣ?”

ಸಿಡಿಲಣ್ಣನಿಗೆ ಐವತ್ತನಾಲ್ಕು. ಟೈಪಿಂಗ್ ಬಿಟ್ಟರೆ ಬೇರೇನೂ ಬಾರದು. ಅಡುಗೆ ಬಾರದು, ಈಜು ಬಾರದು, ಹಾಡು ಬಾರದು, ಸುಳ್ಳು ಹೇಳುವುದಂತೂ ಬಾರದೇ ಬಾರದು. ಹತ್ತು ಬೆರಳುಗಳೆಂಬ ಚಿಕ್ಕ ಸೈನ್ಯಕ್ಕೆ ಸೇನಾಪತಿಯಾಗಿ ಮೂವತ್ತಮೂರು ವರ್ಷ ಕಳೆದ ಮನುಷ್ಯನ ಕೈಗೆ ದಬ್ಬಳ ಕೊಡುವುದೆಂದರೆ ಏನೆಂದು ಸುತ್ತೋಲೆ ಬರೆದವರಿಗೆ ಗೊತ್ತಿರಲಿಲ್ಲ. ಆ ಸುತ್ತೋಲೆಯನ್ನು ಟೈಪ್ ಮಾಡಿದವನೂ ಅವನೇ ಆಗಿದ್ದ ಎಂಬುದು ಬೇರೆ ಮಾತು. ಒಂದು ತಪ್ಪೂ ಇರಲಿಲ್ಲ ಅದರಲ್ಲಿ.

ಮನೆ ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಕಂಪ್ಯೂಟರು. ಆ ಕಂಪ್ಯೂಟರಿಗೆ ಒಡೆಯನಿರಲಿಲ್ಲ, ಒಡತಿಯಿದ್ದರು: ಸಿಡಿಲಣ್ಣನ ಅತ್ತೆ, ಹೆಂಡತಿಯ ತಾಯಿ, ವಯಸ್ಸು ಎಪ್ಪತ್ತೆರಡು. ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರಿನವರ ಗುಟ್ಟನ್ನೆಲ್ಲ ಕೇಳಿಯೂ ಕೇಳದಂತೆ ಮೂವತ್ತು ವರ್ಷ ಕೂತಿದ್ದವರು ನಿವೃತ್ತಿಯಾದ ಮೇಲೆ ಮತ್ತೆ ಹೆಡ್‌ಫೋನ್ ಹಾಕಿಕೊಳ್ಳುವ ನೆವ ಹುಡುಕಿಕೊಂಡರು. ಪಾಳುಬಿದ್ದ ಕಟ್ಟಡಗಳಲ್ಲಿ ಅಡಗಿ ಕುಳಿತು, ಶತ್ರುವಿನ ಹೆಜ್ಜೆ ಸಪ್ಪಳ ಕೇಳಿ ಗುಂಡು ಹಾರಿಸುವ ಆಟವದು. ಗೋಡೆಯಾಚೆ ನಡೆಯುವವನು ಬೂಟು ಹಾಕಿದ್ದಾನೋ ಇಲ್ಲವೋ ಎಂದು ಹೇಳಬಲ್ಲವರಾಗಿದ್ದರು ಆಕೆ. ಜೊತೆಯಾಟಗಾರರು ಅವರನ್ನು ನಿವೃತ್ತ ಸೇನಾಧಿಕಾರಿ ಎಂದೇ ನಂಬಿದ್ದರು. “ಲೈನಿನಲ್ಲಿರಿ, ಎಡಗಡೆ ಮೆಟ್ಟಿಲಲ್ಲಿ ಇಬ್ಬರು ಬರ್ತಿದ್ದಾರೆ,” ಎಂದು ಆಕೆ ಎಕ್ಸ್‌ಚೇಂಜಿನ ದನಿಯಲ್ಲಿ ಹೇಳಿದರೆ ಯಾರೂ ಎದುರಾಡುತ್ತಿರಲಿಲ್ಲ.

ಆದರೆ ಸೇನಾಧಿಕಾರಿಯ ಬೆರಳುಗಳು ಶುಂಠಿಯ ಕೊಂಬಿನಂತೆ ಸೊಟ್ಟಗಾಗಿದ್ದವು. ಸಂಧಿವಾತ. ಚಪ್ಪಟೆ ಕೀಬೋರ್ಡನ್ನು ಅರ್ಧ ಗಂಟೆ ಒತ್ತಿದರೆ ಸಂಜೆಯವರೆಗೆ ಬಿಸಿನೀರಿನ ಪಾತ್ರೆಯಲ್ಲಿ ಕೈ ಇಟ್ಟುಕೊಂಡು ಕೂರಬೇಕು.

“ರೀ, ಇಬ್ಬರಿಗೂ ಒಂದು ಒಳ್ಳೇದು ತಂದುಬಿಡೋಣ,” ಅಂದಳು ಹೆಂಡತಿ. ಆಕೆ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂರುವವಳು. ಯಾವ ವಿಷಯವನ್ನೂ ಒಂದು ನಿಮಿಷಕ್ಕಿಂತ ಹೆಚ್ಚು ಎಳೆಯುವವಳಲ್ಲ. “ಒಂದೇ ಅಂದ್ರೆ ಒಂದೇ. ನನ್ನ ಬಜೆಟ್ಟು ಅಷ್ಟೇ ಹೇಳ್ತಿರೋದು.”

ಹೀಗೆ ಒಂದು ಭಾನುವಾರ ಮೂವರೂ ದಂಡಯಾತ್ರೆ ಹೊರಟರು. ಅಂಗಡಿ ಒಂದು ಕಟ್ಟಡದ ಮೆಟ್ಟಿಲಡಿಯಲ್ಲಿತ್ತು, ಮಂಚದಷ್ಟು ಅಗಲ. ಅಂಗಡಿಯಾತ ಬೆಸುಗೆ ಕೆಲಸದ ಭೂತಗನ್ನಡಿಯನ್ನು ಹಣೆಯ ಮೇಲೆ ಏರಿಸಿಕೊಂಡಿದ್ದ. ಅತ್ತೆ ಅಲ್ಲೇ ಅವನಿಗೆ ಮುಕ್ಕಣ್ಣ ಎಂದು ನಾಮಕರಣ ಮಾಡಿಬಿಟ್ಟರು.

“ನನ್ನ ಹತ್ರ ಎರಡು ಥರ ಗಿರಾಕಿಗಳು ಬರ್ತಾರೆ,” ಅಂದ ಮುಕ್ಕಣ್ಣ. “ಟೈಪ್ ಮಾಡೋರು, ಆಟ ಆಡೋರು. ನೀವು ಯಾವ ಪೈಕಿ?”

“ಅವರು ಟೈಪು, ಪರೀಕ್ಷೆ ಬೇರೆ ಇದೆ,” ಅಂದರು ಅತ್ತೆ. “ನಾನು ಆಟ.”

ಮುಕ್ಕಣ್ಣ ಭೂತಗನ್ನಡಿಯನ್ನು ಕಣ್ಣಿಗಿಳಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

ಮೊದಲು ಬಂದದ್ದು ಅಲ್ಯೂಮಿನಿಯಂ ಮೈಯದು, ಕಲ್ಲಿನಷ್ಟು ಭಾರ. ಬೆಲೆ ಕೇಳಿ ಹೆಂಡತಿ, “ಇದನ್ನ ಕದಕ್ಕೆ ಹಾಕಿಸಿದ್ರೆ ಕಳ್ಳರು ಬರಲ್ಲ,” ಎಂದು ಪಕ್ಕಕ್ಕೆ ಸರಿಸಿದಳು. ಎರಡನೆಯದಕ್ಕೆ ಬಣ್ಣಬಣ್ಣದ ದೀಪ; ಔಷಧಿ ಅಂಗಡಿಯ ಬೋರ್ಡಿನಂತೆ ಮಿನುಗುತ್ತಿತ್ತು. ಅದೂ ಸರಿಯಿತು. ಮೂರನೆಯದು ಬೂದು ಪ್ಲಾಸ್ಟಿಕ್ಕಿನದು, ದೀಪವಿಲ್ಲ, ಗರ್ವವಿಲ್ಲ. ಮೂಲೆಯಲ್ಲಿ ಧೂಳು ಹೊದ್ದು ಕೂತಿತ್ತು.

“ಹಳೇ ಮಾಡೆಲ್ಲು, ಅದಕ್ಕೇ ಅಗ್ಗ. ಆದ್ರೆ ಇದರ ಗುಣ ಕೇಳಿ,” ಎಂದು ಮುಕ್ಕಣ್ಣ ಸಣ್ಣ ಚಿಮುಟದಿಂದ ಒಂದು ಕೀಲಿಯ ಟೋಪಿ ತೆಗೆದ, ಕೆಳಗಿದ್ದ ಸ್ವಿಚ್ಚನ್ನು ಹಲ್ಲು ಕಿತ್ತಂತೆ ಕಿತ್ತ, ಮತ್ತೆ ಒತ್ತಿ ಕೂರಿಸಿದ. “ಬೆಸುಗೆ ಬೇಡ. ಒಂದೊಂದು ಕೀಗೂ ನಿಮಗೆ ಬೇಕಾದ ಸ್ವಿಚ್ ಹಾಕ್ಕೊಳ್ಳಿ. ಗಟ್ಟಿ, ಮೆತ್ತಗೆ, ಸದ್ದು ಮಾಡೋದು, ಮಾಡದೇ ಇರೋದು.”

ಸ್ವಿಚ್ಚುಗಳ ರುಚಿ ನೋಡಲು ಒಂಬತ್ತು ಗುಂಡಿಗಳ ಹಲಗೆಯೊಂದಿತ್ತು. ಸಿಡಿಲಣ್ಣ ಕಣ್ಣು ಮುಚ್ಚಿ ಒಂದೊಂದೇ ಒತ್ತುತ್ತ ಹೋದ. ನೀಲಿ ಬಣ್ಣದ್ದು ಬಂದಾಗ ಬೆರಳಿಗೆ ಮೊದಲು ಎದುರು ನಿಂತಿತು, ಆಮೇಲೆ ಸೋತಿತು, ಸೋಲುವಾಗ ಹೇಳಿತು: ಟಕ್. ಹದಿನೈದು ವರ್ಷದ ಮೇಲೆ ಕೇಳಿದ ಟಕ್. ಆತ ಕನ್ನಡಕ ತೆಗೆದು ಒರೆಸಿಕೊಂಡ. ಕನ್ನಡಕವೇನೂ ಮಂಜಾಗಿರಲಿಲ್ಲ.

ಅತ್ತೆ ಅದೇ ನೀಲಿಯ ಮೇಲೆ ಬೆರಳಿಟ್ಟರು. ಕೀಲಿ ಇಳಿಯಲಿಲ್ಲ, ಗೆಣ್ಣು ಮಾತ್ರ ಬೆಳ್ಳಗಾಯಿತು. “ಇದು ಕೀ ಅಲ್ಲಪ್ಪ, ತುಕ್ಕು ಹಿಡಿದ ನಲ್ಲಿ. ಇದರಲ್ಲಿ ನಾನು ಒಂದು ಹೆಜ್ಜೆ ಇಡೋ ಹೊತ್ತಿಗೆ ಶತ್ರು ನನಗೆ ತಿಥಿ ಮಾಡಿರ್ತಾನೆ.” ಬಿಳಿ ಬಣ್ಣದ್ದೊಂದನ್ನು ಒತ್ತಿದರು. ಅದು ಉಸಿರು ತಾಕಿದರೂ ಇಳಿಯುವಂಥದು, ಸದ್ದೇ ಇಲ್ಲ. “ಆಹಾ. ಬೆಣ್ಣೆ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮುಕ್ಕಣ್ಣ ನಡುವಿನ ಕಂದು ಬಣ್ಣದ್ದನ್ನು ತೋರಿಸಿದ. ಅಳಿಯ ಮುಖ ಕಿವುಚಿದ, ಅತ್ತೆಯೂ ಕಿವುಚಿದರು. ಇಪ್ಪತ್ತೆಂಟು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಕೊನೆಗೆ ಹೆಂಡತಿ ಕೌಂಟರು ತೆರೆದಳು. “ಅಮ್ಮ, ನಿನ್ನ ಆಟಕ್ಕೆ ಎಷ್ಟು ಕೀ ಬೇಕು?”

“ಮುಂದೆ, ಹಿಂದೆ, ಎಡ, ಬಲ. ನಾಲ್ಕು. ಗುಂಡು ಹೊಡೆಯೋದು ಮೌಸಲ್ಲಿ.”

“ಹಾಗಾದ್ರೆ ಎಡಗೈಯ ಆ ನಾಲ್ಕು ಕೀ ಬಿಳಿ. ಮಿಕ್ಕಿದ್ದೆಲ್ಲ ನೀಲಿ. ಮುಗೀತು. ಮುಂದಿನವರು ಬನ್ನಿ.”

ಹಿಂದೆ ಯಾರೂ ಇರಲಿಲ್ಲ. ಆದರೂ ಮುಕ್ಕಣ್ಣ ಗಾಬರಿಯಿಂದ ಬಿಲ್ಲು ಬರೆದ. ತೆಗೆದ ನಾಲ್ಕು ನೀಲಿ ಸ್ವಿಚ್ಚುಗಳನ್ನೂ ಚಿಮುಟವನ್ನೂ ಒಂದು ಚಿಕ್ಕ ಡಬ್ಬಿಗೆ ಹಾಕಿಕೊಟ್ಟು ಎಚ್ಚರಿಸಿದ: “ದಿನಾ ಕೀಳೋದು ಹಾಕೋದು ಮಾಡ್ಬೇಡಿ, ಇದರ ಕಾಲು ಬಲು ಸೂಕ್ಷ್ಮ, ಸೊಟ್ಟಗಾದ್ರೆ ಹೋಯ್ತು. ಪರೀಕ್ಷೆ ದಿನ ಬೇಕು ಅನ್ಸಿದ್ರೆ ಒಂದೇ ಒಂದ್ಸಲ ಬದಲಾಯಿಸ್ಕೊಳ್ಳಿ.”

ಬೆಳಿಗ್ಗೆ ಅತ್ತೆಯ ಯುದ್ಧ, ಸಂಜೆ ಆರರಿಂದ ಎಂಟು ಅಳಿಯನ ಅಭ್ಯಾಸ. ಮೊದಲ ವಾರ ಸಿಡಿಲಣ್ಣನಿಗೆ ಅಳುವೇ ಬರುವಂತಿತ್ತು. ಆ ನಾಲ್ಕು ಕೀಲಿಗಳೂ ಅವನ ಕೆಲಸದಲ್ಲಿ ಸುಮ್ಮನೆ ಕೂರುವಂಥವಲ್ಲ. ಕಚೇರಿಯ ಭಾಷೆಯಲ್ಲಿ ಅ, ಸ, ದ, ಡ ಇಲ್ಲದೆ ಒಂದು ವಾಕ್ಯ ಎದ್ದು ನಿಲ್ಲುವುದಿಲ್ಲ. ಹಳೆಯ ಬಲದಲ್ಲಿ ಹೊಡೆದರೆ ಒಂದರ ಬದಲು ಎರಡು ಅಕ್ಷರ ಬೀಳುತ್ತಿತ್ತು; ಬೆರಳು ಸುಮ್ಮನೆ ಊರಿದರೂ ಸಾಕು, ಸಸಸಸ ಎಂದು ಹಾವಿನಂತೆ ಹರಿಯುತ್ತಿತ್ತು.

“ಆ ನಾಲ್ಕು ಕೀ ಮೇಲೆ ಬೆರಳಿಟ್ರೆ ಕಣೇ, ಮೆಟ್ಟಿಲಿದೆ ಅಂದ್ಕೊಂಡು ಕಾಲಿಟ್ಟು ಹಳ್ಳಕ್ಕೆ ಬಿದ್ದ ಹಾಗಾಗುತ್ತೆ,” ಎಂದು ಅಡುಗೆಮನೆಯಲ್ಲಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. “ಆದ್ರೆ ಅತ್ತೆಗೆ ಹೇಳ್ಬೇಡ. ಪಾಪ, ಅವರ ಕೈ ಈಗ ಬಿಸಿನೀರಿಗೆ ಹೋಗೋದೇ ನಿಂತಿದೆ.”

ಎರಡು ಗೋಡೆಯಾಚೆಯ ಬೂಟು ಕೇಳಿಸಿಕೊಳ್ಳುವವರಿಗೆ ಅಡುಗೆಮನೆಯ ಪಿಸುಮಾತು ಯಾವ ಲೆಕ್ಕ? ಅತ್ತೆ ಮುಂದಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಏನೂ ಕೇಳಿಲ್ಲವೆಂಬಂತೆ ಕೂರುವುದು ಅವರ ಮೂವತ್ತು ವರ್ಷದ ಕಸುಬು.

ಇಲ್ಲೊಂದು ಸಂಗತಿಯನ್ನು ಹೇಳಬೇಕು, ಏಕೆಂದರೆ ಆ ಮನೆಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಬೆರಳುಗಳು ಸೇನಾಪತಿಯನ್ನು ಕೇಳಿ ಕಲಿಯುವುದಿಲ್ಲ. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಸಿಡಿಲಣ್ಣನ ಕೈ ಐದು ಕಾರ್ಬನ್ ಯುಗದ ಗುದ್ದನ್ನು ಮಿಕ್ಕೆಲ್ಲ ಕೀಲಿಗಳಿಗೆ ಉಳಿಸಿಕೊಂಡು, ಆ ನಾಲ್ಕನ್ನು ಮಾತ್ರ ಮಲಗಿದ ಮಗುವಿನ ಕೆನ್ನೆ ಮುಟ್ಟಿದಂತೆ ಮುಟ್ಟಲು ಕಲಿತಿತ್ತು. ಕಿವಿಯೂ ಕಲಿತಿತ್ತು: ಎಲ್ಲ ಅಕ್ಷರಕ್ಕೂ ಟಕ್, ಆ ನಾಲ್ಕಕ್ಕೆ ಮೌನ. ಮೌನ ಬಂದಲ್ಲೆಲ್ಲ ಅಕ್ಷರ ಸರಿಯಾಗಿ ಬಿದ್ದಿದೆ ಎಂದು ಅರ್ಥ. ಅವು ಮೆತ್ತಗಿವೆ ಎಂಬುದೇ ಅವನಿಗೆ ಮರೆತುಹೋಯಿತು. ವೇಗ ಮಾತ್ರ ಏರಿತು. ಮೂರನೆಯ ತಿಂಗಳು ನಿಮಿಷಕ್ಕೆ ಅರವತ್ತು ಪದ, ತಪ್ಪು ಸೊನ್ನೆ. ಅವನು ಬಚ್ಚಲಲ್ಲಿ ಹಾಡಲು ಶುರುಮಾಡಿದ. ಹಾಡು ಬಾರದೆಂದು ಮೊದಲೇ ಹೇಳಿದ್ದೇನೆ. ಪಕ್ಕದ ಮನೆಯವರೂ ಬಂದು ಹೇಳಿಹೋದರು.

ಪರೀಕ್ಷೆಗೆ ಹತ್ತು ದಿನ ಉಳಿದಾಗ ಅತ್ತೆ ಕದನವಿರಾಮ ಘೋಷಿಸಿದರು. “ಬೆಳಿಗ್ಗೇನೂ ನೀವೇ ಕೂತ್ಕೊಳ್ಳಿ ಅಳಿಯಂದ್ರೇ. ನನ್ನ ಶತ್ರುಗಳು ಹತ್ತು ದಿನ ಬದುಕ್ಕೊಳ್ಳಲಿ.”

ಪರೀಕ್ಷೆಯ ಬೆಳಿಗ್ಗೆ ಸಿಡಿಲಣ್ಣ ಸ್ನಾನ ಮುಗಿಸಿ ಬರುವಷ್ಟರಲ್ಲಿ ಕೀಬೋರ್ಡು ಶುಭ್ರವಾದ ಟವೆಲಿನಲ್ಲಿ ಸುತ್ತಿಕೊಂಡು ಚೀಲದೊಳಗೆ ಸಿದ್ಧವಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಎರಡೂ ಕೈ ಸೆರಗಿನಲ್ಲಿ ಮರೆಮಾಡಿಕೊಂಡು.

“ದಾರೀಲಿ ಬಿಚ್ಚಬೇಡಿ, ಧೂಳು ಕೂತ್ಕೊಳ್ಳುತ್ತೆ. ಅಲ್ಲಿ ಹೋಗಿ ಕೂತು, ಧೈರ್ಯವಾಗಿ ಹೊಡೀರಿ. ನಿಮ್ಮ ಹಳೇ ಕೈಯಲ್ಲಿ ಹೊಡೀರಿ.”

“ಆಗಲಿ ಅತ್ತೆ.”

“ಯಾವುದಕ್ಕೂ ಹಿಂಜರೀಬೇಡಿ.”

ಅವರ ಕಣ್ಣಲ್ಲಿ ಏನೋ ಹೊಳೆಯುತ್ತಿತ್ತು. ವಯಸ್ಸಾದವರು, ಭಾವುಕರಾಗಿದ್ದಾರೆ ಎಂದುಕೊಂಡು ಸಿಡಿಲಣ್ಣ ಮೆಟ್ಟಿಲಿಳಿದ.

ಸಭಾಂಗಣದಲ್ಲಿ ಏಳು ಮೇಜು. ಮೇಲ್ವಿಚಾರಕಿ ಗಡಿಯಾರ ಹಿಡಿದು ನಿಂತಿದ್ದಳು. ಮೊದಲು ಒಂದು ಹಾಳೆಗೆ ಸಹಿ: ಸ್ವಂತ ಉಪಕರಣ, ಸ್ವಂತ ಜವಾಬ್ದಾರಿ, ಪರೀಕ್ಷಿಸಿ ನೋಡಿದ್ದೇನೆ. ಆಮೇಲೆ ಐದು ನಿಮಿಷ ಬೆರಳು ಬಿಸಿ ಮಾಡಿಕೊಳ್ಳಲು. ಉಳಿದ ಆರು ಮಂದಿ ದಡಬಡ ಟೈಪಿಸಿ ನೋಡಿದರು. ಸಿಡಿಲಣ್ಣ ಟವೆಲು ಬಿಚ್ಚಿ, ಬಲಗೈಯ ತೋರುಬೆರಳಿನಿಂದ ಒಂದು ಕೀಲಿಯನ್ನು ಒಂದೇ ಸಲ ಒತ್ತಿದ. ಟಕ್. ಸಾಕು. ಕೋಟೆ ಬಾಗಿಲಲ್ಲಿ ನಿಂತು ಕತ್ತಿ ಬೀಸಿ ನೋಡುವವನು ವೀರನಲ್ಲ. ಕೈಕಟ್ಟಿ ಕುಳಿತ.

“ಏನಣ್ಣಾ, ಇವತ್ತು ಗುಡುಗಿಲ್ವಾ?” ಅಂದ ಬೆಕ್ಕು.

“ಛತ್ರಿ ತಂದಿದ್ದೀಯಾ ನೋಡ್ಕೋ,” ಅಂದ ಸಿಡಿಲಣ್ಣ. ಹದಿನೈದು ವರ್ಷದಲ್ಲಿ ಅವನು ಕೊಟ್ಟ ಮೊದಲ ಉತ್ತರ ಅದು. ಎಲ್ಲರೂ ನಕ್ಕರು, ಬೆಕ್ಕಿನ ಮುಖ ಸಣ್ಣಗಾಯಿತು.

ಮೇಲ್ವಿಚಾರಕಿ “ಶುರು” ಎಂದಳು.

ಆ ಹತ್ತು ನಿಮಿಷ! ಕಣ್ಣು ಮೂಲ ಹಾಳೆಯ ಮೇಲೆ, ಕೈಗಳು ಇಳಿಜಾರಿನಲ್ಲಿ ಬಿಟ್ಟ ಕುದುರೆಗಳು. ಟಕ್ ಟಕ್ ಟಕ್, ನಡುವೆ ಅಭ್ಯಾಸದ ಮೌನ, ಮತ್ತೆ ಟಕ್ ಟಕ್. ಮೊದಲ ನಿಮಿಷದಲ್ಲಿ ಎಡಗೈಯ ಎರಡು ಮೂರು ಬೆರಳಿಗೆ ಏನೋ ಬಿಗಿತ ಎನಿಸಿತು. ಪರೀಕ್ಷೆಯ ಹೆದರಿಕೆಗೆ ಬೆರಳು ಸೆಟೆದಿದೆ, ಬಿಸಿಯಾದರೆ ಸರಿಹೋದೀತು ಎಂದು ಮುಂದೆ ಹೋದ. ಕಿವಿ ಒಂದು ಸಲವೂ ಎಚ್ಚರಿಸಲಿಲ್ಲ. ಎಲ್ಲಿ ಮೌನವಿರಬೇಕೋ ಅಲ್ಲಿ ಮೌನವಿತ್ತು. ಗಡಿಯಾರ ಬಡಿದಾಗ ಉಳಿದವರು ಮೂರನೆಯ ಪುಟದಲ್ಲಿದ್ದರು, ಸಿಡಿಲಣ್ಣ ನಾಲ್ಕನೆಯದನ್ನು ಮುಗಿಸಿ ಮೂಲ ಹಾಳೆಗಳನ್ನು ಚೊಕ್ಕಟವಾಗಿ ಜೋಡಿಸುತ್ತಿದ್ದ. ಆಗಲೂ ಪರದೆ ನೋಡಲಿಲ್ಲ. ಮಾಡಿದ ಅಡುಗೆಯನ್ನು ಬಡಿಸುವ ಮೊದಲೇ ನೆಕ್ಕಿ ನೋಡುವುದು ಅವನ ಮರ್ಯಾದೆಗೆ ತಕ್ಕದ್ದಲ್ಲ.

ಮಧ್ಯಾಹ್ನ ಮೂರಕ್ಕೆ ಮೇಲ್ವಿಚಾರಕಿ ಅವನನ್ನು ಒಳಗೆ ಕರೆದಳು. ಕೂರಲು ಹೇಳಿದಳು. ಅವಳು ಯಾರಿಗೂ ಕೂರಲು ಹೇಳುವವಳಲ್ಲ.

“ಅಣ್ಣಾ, ಇದೇನಿದು?”

ಹಾಳೆಯಲ್ಲಿ ‘ಸದರಿ ಅರ್ಜಿದಾರರ ದೂರು’ ಎಂದಿರಬೇಕಾದ ಕಡೆ ‘ರಿ ರ್ಜಿರರ ರು’ ಎಂದಿತ್ತು. ಚಳಿಗೆ ಸ್ಟಾರ್ಟಾಗದ ಸ್ಕೂಟರಿನ ಸದ್ದಿನಂತೆ. ನಾಲ್ಕೂ ಪುಟ ಹಾಗೇ. ಆ ನಾಲ್ಕು ಅಕ್ಷರಗಳು ಎಲ್ಲೂ ಒಂದು ಸಲವೂ ಬಿದ್ದಿರಲಿಲ್ಲ.

“ವೇಗ ನಿಮ್ಮದೇ ಎಲ್ಲರಿಗಿಂತ ಹೆಚ್ಚು,” ಅಂದಳು ಆಕೆ ಮೆಲ್ಲಗೆ. “ತಪ್ಪು ಒಂಬೈನೂರ ಚಿಲ್ಲರೆ. ನಾನು ಎಣಿಸೋದು ನಿಲ್ಲಿಸಿಬಿಟ್ಟೆ.”

“ಮೇಡಂ, ಇನ್ನೊಂದ್ಸಲ... ಹತ್ತೇ ನಿಮಿಷ...”

“ಸಹಿ ಹಾಕಿದ್ದೀರಲ್ಲ ಅಣ್ಣಾ. ನಿಮಗೊಬ್ಬರಿಗೆ ಕೊಟ್ರೆ ಇನ್ನೂ ನಾಲ್ಕು ಜನ ಬಾಗಿಲಲ್ಲಿ ನಿಂತಿರ್ತಾರೆ.”

ಸಿಡಿಲಣ್ಣ ತನ್ನ ಮೇಜಿಗೆ ಬಂದು ಉಗುರಿನಿಂದ ಒಂದು ಕೀಲಿಯ ಟೋಪಿ ಎಬ್ಬಿಸಿದ. ಬಿಳಿ ಇರಬೇಕಾದಲ್ಲಿ ನೀಲಿ ಇತ್ತು. ಎರಡನೆಯದು, ನೀಲಿ. ಮೂರನೆಯದು, ನಾಲ್ಕನೆಯದು. ಪ್ರತಿಯೊಂದೂ ನೆಟ್ಟಗೆ, ಒಂದು ಕಾಲೂ ಸೊಟ್ಟಗಾಗದಂತೆ ಕೂತಿತ್ತು. ಪ್ಲಾಸ್ಟಿಕ್ಕಿನ ಮೇಲೆ ಚಿಮುಟ ಜಾರಿದ ಗೀರುಗಳಿದ್ದವು, ತುಂಬ ಗೀರುಗಳು. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಕೈಗಳು ಅವನಿಗೆ ನೆನಪಾದವು. ಪಿನ್ನು ಹಿಡಿಯಲಾಗದ ಆ ಬೆರಳುಗಳು ಎಷ್ಟು ಹೊತ್ತಿಗೆ ಎದ್ದು, ಎಷ್ಟು ಸಲ ಜಾರಿ, ಈ ನಾಲ್ಕನ್ನು ಕಿತ್ತು ಈ ನಾಲ್ಕನ್ನು ಹಾಕಿರಬಹುದು? ಅಳಿಯ ತನಗಾಗಿ ಮೂರು ತಿಂಗಳು ಹಳ್ಳಕ್ಕೆ ಬೀಳುತ್ತಿದ್ದಾನೆ ಎಂದು ನಂಬಿ, ಅವನು ಗೆಲ್ಲಬೇಕಾದ ದಿನ ಹಳ್ಳವನ್ನು ಮುಚ್ಚಿಕೊಟ್ಟಿದ್ದರು. ಅವನ ಕಾಲು ಮಾತ್ರ ಅಷ್ಟರಲ್ಲಿ ಹಳ್ಳಕ್ಕೆ ಒಗ್ಗಿಹೋಗಿತ್ತು.

ಅವನು ನಾಲ್ಕು ಟೋಪಿಗಳನ್ನೂ ಮತ್ತೆ ಹಾಕಿ, ಟವೆಲು ಸುತ್ತಿ, ನಡೆದೇ ಮನೆಗೆ ಬಂದ. ಬಸ್ಸಿನಲ್ಲಿ ಬಂದರೆ ಬೇಗ ತಲುಪಿಬಿಡುವ ಭಯ.

ಅತ್ತೆ ಮೂರನೇ ಮಹಡಿಯ ಮೆಟ್ಟಿಲ ಮೇಲೇ ಕಾಯುತ್ತಿದ್ದರು. ಹೆಜ್ಜೆ ಸಪ್ಪಳ ಗುರುತಿಸುವವರು. ಎರಡನೇ ಮಹಡಿಯಲ್ಲಿ ಅವನ ಹೆಜ್ಜೆ ಭಾರವಾದದ್ದು ಕೇಳಿಸಿರಲೇಬೇಕು. ಅದು ಗೊತ್ತಿದ್ದೇ ಅವನು ಕೊನೆಯ ಹತ್ತು ಮೆಟ್ಟಿಲನ್ನು ಜಿಗಿದು ಜಿಗಿದು ಹತ್ತಿದ.

“ಹೇಗಿತ್ತು ನನ್ನ ಗುಪ್ತಾಸ್ತ್ರ?” ಅತ್ತೆಯ ಮುಖ ಹನ್ನೆರಡು ವರ್ಷದ ಹುಡುಗಿಯದಾಗಿತ್ತು. “ನೀವು ಅಡುಗೆಮನೇಲಿ ಹೇಳಿದ್ದು ನನಗೆ ಕೇಳಿಸಿತ್ತು ಅಳಿಯಂದ್ರೇ. ಮೂರು ತಿಂಗಳು ಬಾಯಿ ಮುಚ್ಕೊಂಡು ಕಾದೆ. ಹೇಳಿ, ಹೇಗಿತ್ತು?”

ಸುಳ್ಳು ಬಾರದ ಮನುಷ್ಯ ಒಂದು ಕ್ಷಣ ಗೋಡೆ ನೋಡಿದ.

“ಕೂತ ತಕ್ಷಣ ಗೊತ್ತಾಯ್ತು ಅತ್ತೆ. ಬೆರಳಿಟ್ಟೆ, ಗಟ್ಟಿ ನೆಲ. ಎಲ್ಲರಿಗಿಂತ ವೇಗ ನಂದೇ ಅಂದ್ರು ಮೇಡಂ.”

“ಹಾಗಾದ್ರೆ?”

“ಹಾಗಾದ್ರೆ ಇನ್ನೇನು. ನಾನೂ ಬೆಕ್ಕೂ ಉಳ್ಕೊಂಡ್ವಿ.”

ಎಷ್ಟು ಸಲೀಸಾಗಿ ಬಂತೆಂದರೆ, ಇಷ್ಟು ವರ್ಷ ಈ ವಿದ್ಯೆಯನ್ನು ಸುಮ್ಮನೆ ಹಾಳು ಮಾಡಿಕೊಂಡೆನಲ್ಲ ಎನಿಸಿತು. ಅತ್ತೆ ಎರಡೂ ಕೈಯೆತ್ತಿ ಕುಣಿದರು. ಆ ಕೈಗಳ ಬೆರಳುಗಳು ಊದಿದ್ದವು. ಮೂರಕ್ಕೆ ಪಟ್ಟಿ ಸುತ್ತಿತ್ತು.

ಹೆಂಡತಿಗೆ ತಿಳಿದದ್ದು ಎಂಟನೆಯ ದಿನ. ಊಟದ ಹೊತ್ತಿನಲ್ಲಿ ಅವನ ಬೆರಳ ತುದಿ ನೋಡಿದಳು. ಸಣ್ಣ ಸಣ್ಣ ಕೆಂಪು ಚುಕ್ಕೆ, ಮೇಣದ ಜಿಡ್ಡು.

“ಟೈಪ್ ಮಾಡೋರ ಬೆರಳಿಗೆ ಸೂಜಿ ಎಲ್ಲಿಂದ ಬಂತು ರೀ?”

ಅವನು ಮುಂದಿನ ಕೋಣೆಯ ಕಡೆ ಕಣ್ಣು ತೋರಿಸಿದ. ಆ ಮನೆಯಲ್ಲಿ ಇನ್ನು ಪಿಸುಮಾತಿಗೂ ಜಾಗವಿರಲಿಲ್ಲ. ಒಂದು ಚೀಟಿ ತೆಗೆದುಕೊಂಡು ಎಲ್ಲವನ್ನೂ ಬರೆದುಕೊಟ್ಟ. ಬರಹ ಕಾಗೆಯ ಕಾಲಿನಂತಿತ್ತು, ಕೈಬರಹ ಬಿಟ್ಟು ಮೂವತ್ತಮೂರು ವರ್ಷವಾಗಿತ್ತಲ್ಲ. ಹೆಂಡತಿ ಓದಿದಳು. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಓದಿದಳು. ಆಮೇಲೆ ಚೀಟಿಯನ್ನು ಒಲೆಗೆ ಹಿಡಿದು, ಬೂದಿಯನ್ನು ಸಿಂಕಿಗೆ ಹಾಕಿ, ನಲ್ಲಿ ತಿರುಗಿಸಿದಳು. ‘ಮುಂದಿನವರು ಬನ್ನಿ’ ಎನ್ನಲಿಲ್ಲ.

ಈಗಲೂ ಸಂಜೆ ಆರಕ್ಕೆ ಸಿಡಿಲಣ್ಣ ಕೀಬೋರ್ಡಿನ ಮುಂದೆ ಕೂರುತ್ತಾನೆ, ಕೂರದಿದ್ದರೆ ಅತ್ತೆಗೆ ಅನುಮಾನ ಬರುತ್ತದೆ. ಬಿಳಿ ಸ್ವಿಚ್ಚುಗಳನ್ನು ಮತ್ತೆ ಹಾಕಿಬಿಡುತ್ತೇನೆಂದರೆ ಆಕೆ ಕೇಳಲಿಲ್ಲ. “ಬೇಡಪ್ಪಾ. ನಿಮಗೆ ನೌಕರಿ ಉಳಿಸಿಕೊಟ್ಟ ನಾಲ್ಕು ಕೀ ಅವು. ನನ್ನ ಆಟ ಆಯ್ತಲ್ಲ, ಇಷ್ಟು ವರ್ಷ ಕೊಂದಿದ್ದು ಸಾಕು.” ಹಾಗೆಂದವರು ಹೆಡ್‌ಫೋನನ್ನು ಮೊಳೆಗೆ ನೇತುಹಾಕಿದರು. ಹೇಳೋಣವೆಂದರೆ ಸತ್ಯ ಹೇಳಬೇಕಾಗುತ್ತದೆ. ಸುಮ್ಮನಿರೋಣವೆಂದರೆ ಮೊಳೆ ಕಣ್ಣೆದುರೇ ಇದೆ.

ಬೇರೆ ಮೂಲ ಹಾಳೆಯಿಲ್ಲದೆ ಅವನು ಪರೀಕ್ಷೆಯ ಆ ನಾಲ್ಕು ಪುಟಗಳನ್ನೇ ನೆನಪಿನಿಂದ ಹೊಡೆಯುತ್ತಾನೆ. ಎಡಗೈ ಈಗ ಮತ್ತೆ ಗಟ್ಟಿಯಾಗಿದೆ. ಸದರಿ ಅರ್ಜಿದಾರರ ದೂರು. ಟಕ್ ಟಕ್ ಟಕ್, ಎಲ್ಲೂ ಮೌನವಿಲ್ಲ. ದಬ್ಬಳ ಚುಚ್ಚಿದ ತುದಿಗಳು ನೋಯುತ್ತವೆ, ಆದರೂ ನಿಮಿಷಕ್ಕೆ ಅರವತ್ತೆರಡು ಪದ, ತಪ್ಪು ಸೊನ್ನೆ.

ಮೊನ್ನೆ ಅತ್ತೆ ಫೋನಿನಲ್ಲಿ ಹಳೆಯ ಜೊತೆಯಾಟಗಾರನೊಬ್ಬನಿಗೆ ಹೇಳುತ್ತಿದ್ದರು: “ಲೈನಿನಲ್ಲಿರಿ, ಕೇಳಿಸ್ಕೊಳ್ಳಿ. ಅದು ನಮ್ಮ ಅಳಿಯಂದ್ರು. ಇಡೀ ಕಚೇರಿಗೆ ಇಬ್ಬರೇ ಉಳಿದಿರೋದು.” ಹಾಗೆಂದು ಫೋನನ್ನು ಕೀಬೋರ್ಡಿನ ಕಡೆ ಚಾಚಿ ಹಿಡಿದರು. ಸಿಡಿಲಣ್ಣ ತಲೆಯೆತ್ತಲಿಲ್ಲ. ಕೊನೆಯ ಪುಟ ಮುಗಿಯುವವರೆಗೂ ಹೊಡೆದ, ಪೂರ್ಣವಿರಾಮವನ್ನು ಆರು ಹಾಳೆ ತೂತಾಗುವಷ್ಟು ಬಲವಾಗಿ ಹೊಡೆದ. ಆಮೇಲೆ ಎಲ್ಲವನ್ನೂ ಅಳಿಸಿ, ಮೊದಲ ಸಾಲಿನಿಂದ ಮತ್ತೆ ಶುರುಮಾಡಿದ. ಗಂಟೆ ಇನ್ನೂ ಏಳಾಗಿರಲಿಲ್ಲ.